ಸಿಟಿ ಸ್ಕ್ಯಾನ್ ಚಿತ್ರಕ್ಕೆ ಲೆಕ್ಕ ಬರೆದುಕೊಟ್ಟ ಜಿ.ಎನ್. ರಾಮಚಂದ್ರನ್

ಸ್ಕ್ಯಾನ್ ನೋಡಿ ಕಂಪ್ಯೂಟರೇ ರೋಗ ಹೇಳುತ್ತದೆ ಎಂಬ ಸುದ್ದಿ ಈಗ ದಿನಕ್ಕೊಂದು ಬರುತ್ತಿದೆ. ಆದರೆ ಎಕ್ಸ್-ರೇಯ ನೆರಳುಗಳಿಂದ ಆ ಸ್ಕ್ಯಾನ್ ಚಿತ್ರ ಮೂಡುವುದೇ ಕಂಪ್ಯೂಟರ್ ಲೆಕ್ಕದಿಂದ. ಆ ಲೆಕ್ಕವನ್ನು ಸುಲಭ ಮಾಡಿದವರಲ್ಲಿ ಒಬ್ಬರು ಬೆಂಗಳೂರಿನಲ್ಲಿ ಓದಿ, ಬೆಂಗಳೂರಿನಲ್ಲೇ ಪಾಠ ಹೇಳಿದವರು.

ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ತಂದೆ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. 1942ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿಯಲು ಬಂದ ಹುಡುಗನನ್ನು ಸಿ.ವಿ. ರಾಮನ್ ತಮ್ಮ ಭೌತಶಾಸ್ತ್ರ ವಿಭಾಗಕ್ಕೆ ಎಳೆದುಕೊಂಡರು. ಮುಂದೆ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ. 1952ರಲ್ಲಿ, ಇನ್ನೂ ಮೂವತ್ತು ತುಂಬುವ ಹೊತ್ತಿಗೆ, ಮದ್ರಾಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ ಪ್ರೋಟೀನ್ ಮೂರು ಎಳೆಯ ಹುರಿಯಂತಿದೆ ಎಂದು ತೋರಿಸಿದ್ದು ಅಲ್ಲಿಯೇ. ಪ್ರೋಟೀನಿನ ಆಕಾರ ಪರೀಕ್ಷಿಸುವ 1963ರ 'ರಾಮಚಂದ್ರನ್ ಪ್ಲಾಟ್' ಇಂದಿಗೂ ಪಠ್ಯಪುಸ್ತಕದಲ್ಲಿದೆ. ಅವರ ಹೆಸರು ಹೇಳಿದರೆ ಎಲ್ಲರೂ ನೆನೆಯುವುದು ಇವೆರಡನ್ನೇ. ಸ್ಕ್ಯಾನ್ ಕೆಲಸ ಮಾತ್ರ ಹಿಂದೆ ಉಳಿದುಬಿಟ್ಟಿದೆ.

ಅದು ನಡೆದದ್ದು 1971ರಲ್ಲಿ. ಬೇರೆ ಬೇರೆ ಕೋನಗಳಿಂದ ತೆಗೆದ ಎಕ್ಸ್-ರೇ ನೆರಳುಗಳನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಹರಡಿ ಒಂದರ ಮೇಲೊಂದು ಕೂಡಿಸಿದರೆ ಒಳಗಿನ ಆಕಾರವೇನೋ ಸಿಗುತ್ತದೆ, ಆದರೆ ಮಬ್ಬಾಗಿ. ಮಬ್ಬು ತೆಗೆಯಲು ಆಗ ಫೂರಿಯೆ ಗಣಿತ ಬಳಸುತ್ತಿದ್ದರು. ಆ ಕಾಲದ ಕಂಪ್ಯೂಟರುಗಳಿಗೆ ಅದು ಭಾರವಾದ ಕೆಲಸ. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮಿನಾರಾಯಣನ್ ಬೇರೆ ದಾರಿ ಹಿಡಿದರು. ಪ್ರತಿ ನೆರಳನ್ನೂ ಮೊದಲೇ ಒಂದು ಸರಳ ಲೆಕ್ಕದಿಂದ ಸೋಸಿ, ಅಂಚುಗಳನ್ನು ಚೂಪು ಮಾಡಿ, ಆಮೇಲೆ ಕೂಡಿಸುವುದು. ಚಿತ್ರ ಸ್ಪಷ್ಟ, ಸಮಯವೂ ಉಳಿತಾಯ. ಇಂಥದೇ ವಿಧಾನವನ್ನು ರೇಡಿಯೋ ಖಗೋಳ ವಿಜ್ಞಾನಿಗಳು 1967ರಲ್ಲೇ ಕಂಡುಕೊಂಡಿದ್ದರು ಎಂಬುದನ್ನೂ ಹೇಳಲೇಬೇಕು.

ಅದೇ 1971ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ಮಿದುಳಿನ ಸ್ಕ್ಯಾನ್ ತೆಗೆಯಿತು. ಅದರ ಲೆಕ್ಕದ ಕ್ರಮ ಬೇರೆ. ನಂತರ ಬಂದ ಸಿಟಿ ಯಂತ್ರಗಳು ಸೋಸಿ ಕೂಡಿಸುವ ದಾರಿಗೇ ಹೊರಳಿದವು. 1979ರ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಅಲನ್ ಕಾರ್ಮ್ಯಾಕ್ ಅವರಿಗೆ ಸಂದಿತು. ರಾಮಚಂದ್ರನ್‌ಗೆ ಯಾವ ಕೆಲಸಕ್ಕೂ ನೊಬೆಲ್ ಬರಲಿಲ್ಲ. ಕೊಲಾಜೆನ್ ಒಂದಕ್ಕೇ ಬರಬೇಕಿತ್ತು ಎನ್ನುವವರು ಬಹಳ ಮಂದಿ.

ಆ ಹೊತ್ತಿಗೆ ಅವರು ಬೆಂಗಳೂರಿಗೆ ಮರಳಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದ್ದರು. 1977ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಕೊನೆಯ ವರ್ಷಗಳು ಕಷ್ಟದವು. ಪಾರ್ಕಿನ್ಸನ್ ಕಾಯಿಲೆ ಅವರನ್ನು ಕುಗ್ಗಿಸಿತು, 1998ರಲ್ಲಿ ಪತ್ನಿ ತೀರಿಕೊಂಡರು. ಮರುವರ್ಷ ಎವಾಲ್ಡ್ ಪ್ರಶಸ್ತಿ ಬಂತು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ನಿಧನರಾದರು.

ಸ್ಕ್ಯಾನ್ ಚಿತ್ರ ಕಟ್ಟುವ ಸಾಫ್ಟ್‌ವೇರ್‌ಗಳಲ್ಲಿ ಫಿಲ್ಟರ್‌ಗಳ ಪಟ್ಟಿ ತೆರೆದರೆ 'ರಾಮ್-ಲಾಕ್' ಎಂಬ ಹೆಸರು ಈಗಲೂ ಕಾಣುತ್ತದೆ. ರಾಮ್ ಎಂದರೆ ರಾಮಚಂದ್ರನ್, ಲಾಕ್ ಎಂದರೆ ಲಕ್ಷ್ಮಿನಾರಾಯಣನ್.