ಶ್ರೀ ಜಯಚಾಮರಾಜ ಒಡೆಯರ್ ಹಾಗೂ ಯುದ್ಧವಿಮಾನ ದಳದ ಗಂಡಭೇರುಂಡ ಚಿತ್ರ

ಜಯನಗರ, ಬನಶಂಕರಿ, ಜೆ.ಪಿ. ನಗರ ಮತ್ತು ಬಿ.ಟಿ.ಎಂ. ಬಡಾವಣೆಯ ನಾಗರಿಕರು ಸರ್ಕಾರದಿಂದ ಪಡೆಯುವ ಪತ್ರಗಳ ಶಿರೋಭಾಗದಲ್ಲಿ ರಾಜ್ಯ ಲಾಂಛನವಿರುತ್ತದೆ. ಅದರ ನಡುವೆ ಇರುವ ಎರಡು ತಲೆಗಳ ಪಕ್ಷಿಯೇ ಗಂಡಭೇರುಂಡ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದೇ ಪಕ್ಷಿಯ ಚಿತ್ರವು ಬ್ರಿಟನ್ನಿನ ಒಂದು ಯುದ್ಧವಿಮಾನ ದಳದ ಲಾಂಛನವೂ ಆಗಿತ್ತು. ಆಗ ಮೈಸೂರು ಸಂಸ್ಥಾನದ ಅರಸರಾಗಿದ್ದವರು ಶ್ರೀ ಜಯಚಾಮರಾಜ ಒಡೆಯರ್.

ಶ್ರೀಯುತರು 1919ರ ಜುಲೈ 18ರಂದು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರ ಪುತ್ರರಾಗಿ ಜನಿಸಿದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1938ರಲ್ಲಿ ಪದವಿ ಪಡೆದರು. 1940ರ ಮಾರ್ಚ್‌ನಲ್ಲಿ ತಂದೆಯವರು ನಿಧನರಾದರು. ಐದು ತಿಂಗಳೊಳಗೆ, ಅದೇ ವರ್ಷದ ಆಗಸ್ಟ್ 3ರಂದು, ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರೂ ತೀರಿಕೊಂಡರು. ಸೆಪ್ಟೆಂಬರ್‌ನಲ್ಲಿ ಪಟ್ಟಾಭಿಷಿಕ್ತರಾದಾಗ ಇವರಿಗೆ 21 ವರ್ಷ ವಯಸ್ಸು. ಯೂರೋಪಿನಲ್ಲಿ ಯುದ್ಧ ಆರಂಭವಾಗಿ ಆಗಲೇ ಒಂದು ವರ್ಷ ಕಳೆದಿತ್ತು.

ಯುದ್ಧವಿಮಾನಗಳಿಗಾಗಿ ಹಣ ನೀಡಿದ ಊರು, ಸಂಸ್ಥಾನ ಮತ್ತು ದೇಶಗಳ ಹೆಸರನ್ನು ವಿಮಾನಕ್ಕೆ ಅಥವಾ ದಳಕ್ಕೆ ಇಡುವ ಪದ್ಧತಿ ಆಗ ಬ್ರಿಟನ್ನಿನಲ್ಲಿತ್ತು. ಒಂದು ಸ್ಪಿಟ್‌ಫೈರ್ ವಿಮಾನಕ್ಕೆ 5,000 ಪೌಂಡ್ ಎಂದು ಬೆಲೆ ಗೊತ್ತುಪಡಿಸಲಾಗಿತ್ತು. ನಿಜವಾದ ವೆಚ್ಚ ಇದಕ್ಕಿಂತ ಹೆಚ್ಚಿತ್ತು. ಮೈಸೂರು ಸಂಸ್ಥಾನದ ಕೊಡುಗೆಯ ಗೌರವಾರ್ಥ, 1941ರ ಜೂನ್‌ನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡ್ ನೆಲೆಯಲ್ಲಿ ರಚನೆಯಾದ ರಾಯಲ್ ಏರ್‌ಫೋರ್ಸಿನ 129ನೇ ದಳಕ್ಕೆ ಮೈಸೂರು ಸ್ಕ್ವಾಡ್ರನ್ ಎಂದು ಹೆಸರಿಡಲಾಯಿತು.

ವಾಯುದಳಗಳ ಲಾಂಛನಗಳನ್ನು ಚಿತ್ರಕಾರರು ಕೈಯಿಂದಲೇ ಬರೆಯುತ್ತಿದ್ದರು. ವಂಶಲಾಂಛನ ಶಾಸ್ತ್ರ ಬಲ್ಲ ಅಧಿಕಾರಿಯೊಬ್ಬರು ಪರಿಶೀಲಿಸಿದ ನಂತರ ಆ ಮೂಲಚಿತ್ರಕ್ಕೆ ಬ್ರಿಟಿಷ್ ದೊರೆಯ ಸಹಿ ಆಗಬೇಕಿತ್ತು. ಸುತ್ತಲೂ ದಳದ ಸಂಖ್ಯೆಯುಳ್ಳ ವೃತ್ತ, ಮೇಲೆ ಕಿರೀಟ, ನಡುವೆ ದಳದ ಗುರುತು ಇರುವುದು ಕ್ರಮ. 129ನೇ ದಳದ ವೃತ್ತದೊಳಗೆ ಬಂದದ್ದು ಒಡೆಯರ ಗಂಡಭೇರುಂಡ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ 1047ರಷ್ಟು ಹಿಂದೆಯೇ ಕಂಬದ ಮೇಲೆ ನಿಂತ ಪಕ್ಷಿಯಿದು. ಇದರ ಹೆಸರನ್ನು ಉಚ್ಚರಿಸಲು ಆ ದಳದ ಪೈಲಟ್‌ಗಳು ಪಟ್ಟಿರಬಹುದಾದ ಪಾಡನ್ನು ಊಹಿಸಬಹುದು. ಅವರು ಬ್ರಿಟನ್ ಹಾಗೂ ಕಾಮನ್‌ವೆಲ್ತ್ ದೇಶಗಳಿಂದ ಬಂದ ತರುಣರು, ಬಹುಪಾಲು ಅರಸರ ಸಮವಯಸ್ಕರು. 1942ರ ಆಗಸ್ಟ್‌ನ ಡಿಯೆಪ್ ದಾಳಿಯಲ್ಲಿ ಈ ದಳವು ಪಾಲ್ಗೊಂಡಿತು. 1944ರಲ್ಲಿ ಮಸ್ಟಾಂಗ್ ವಿಮಾನಗಳನ್ನು ಪಡೆದು, ಜರ್ಮನಿ ಹಾರಿಬಿಟ್ಟ ವಿ-1 ಬಾಂಬುಗಳನ್ನು ಆಕಾಶದಲ್ಲಿಯೇ ಹೊಡೆದುರುಳಿಸುವ ಕಾರ್ಯದಲ್ಲಿ ತೊಡಗಿತು.

ಇದೇ ಅವಧಿಯಲ್ಲಿ ಸಂಸ್ಥಾನದೊಳಗೆ ಬೇರೊಂದು ಹೋರಾಟ ನಡೆದಿತ್ತು. 1942ರಲ್ಲಿ ಶಿವಮೊಗ್ಗ ಜಿಲ್ಲೆಯ ಈಸೂರು ಗ್ರಾಮಸ್ಥರು ತಮ್ಮ ಊರು ಸ್ವತಂತ್ರವೆಂದು ಸಾರಿದರು. ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಹತರಾದರು. 1943ರ ಮಾರ್ಚ್‌ನಲ್ಲಿ ಐವರು ಗ್ರಾಮಸ್ಥರನ್ನು ಗಲ್ಲಿಗೇರಿಸಲಾಯಿತು. ಇಂಗ್ಲೆಂಡಿನ ಆಕಾಶವನ್ನು ಕಾಯುತ್ತಿದ್ದ ಲಾಂಛನ ಮತ್ತು ಈಸೂರಿನವರ ಮೇಲೆ ಅಧಿಕಾರ ನಡೆಸಿದ ಲಾಂಛನ ಒಂದೇ ಆಗಿತ್ತು. ಅರಸರ ಜೀವನವನ್ನು ಬರೆಯುವಾಗ ಇದನ್ನು ಬಿಡುವಂತಿಲ್ಲ. ಜವಾಬ್ದಾರಿ ಸರ್ಕಾರಕ್ಕಾಗಿ ಜನರು ನಡೆಸಿದ ಚಳವಳಿಯ ಫಲವಾಗಿ 1947ರ ಅಕ್ಟೋಬರ್‌ನಲ್ಲಿ ಶ್ರೀ ಕೆ.ಸಿ. ರೆಡ್ಡಿಯವರ ನೇತೃತ್ವದ ಸರ್ಕಾರ ಅಧಿಕಾರಕ್ಕೆ ಬಂದಿತು. ಮೈಸೂರು ಸ್ಕ್ವಾಡ್ರನ್ ಅದಕ್ಕೆ ಮುನ್ನ, 1946ರಲ್ಲಿಯೇ, ವಿಸರ್ಜನೆಗೊಂಡಿತ್ತು.

ಯುದ್ಧಕ್ಕಿಂತ ಸಂಗೀತವೇ ಒಡೆಯರ್ ಅವರ ಸಹಜ ಕ್ಷೇತ್ರ. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ್ದಲ್ಲದೆ, ರಷ್ಯಾದ ಸಂಗೀತಗಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ನೆರವಾದರು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯು ಅವರ ಹೆಸರನ್ನು ಹೊತ್ತಿದೆ. 1950ರಿಂದ ರಾಜಪ್ರಮುಖರಾಗಿ, 1956ರಿಂದ 1964ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿ, ಅನಂತರ 1966ರವರೆಗೆ ಮದ್ರಾಸಿನ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು.

1948ರಲ್ಲಿ ಆರಂಭವಾದ ಜಯನಗರ ಬಡಾವಣೆಗೆ ಅವರ ಹೆಸರಿನಿಂದಲೇ ಆ ಹೆಸರು ಬಂದಿತೆಂಬ ಮಾತು ಪ್ರಚಲಿತದಲ್ಲಿದೆ. ಪುರಭವನದ ಬಳಿಯ ಜೆ.ಸಿ. ರಸ್ತೆಯ ಪೂರ್ಣ ಹೆಸರು ಜಯಚಾಮರಾಜೇಂದ್ರ ರಸ್ತೆ. ಶ್ರೀಯುತರು 1974ರ ಸೆಪ್ಟೆಂಬರ್ 23ರಂದು ಬೆಂಗಳೂರು ಅರಮನೆಯಲ್ಲಿ ನಿಧನರಾದರು.