ನಟವರ್ಯ ಬಳ್ಳಾರಿ ರಾಘವಾಚಾರ್ಯರು

ಗಡಿನಾಡಿನಲ್ಲಿ ಹುಟ್ಟಿ ಬೆಳೆದವರ ಮೇಲೆ ಎರಡು ನುಡಿಗಳ ಋಣವಿರುತ್ತದೆ. ಮನೆಯ ಮಾತು ಒಂದಾದರೆ ಪೇಟೆಯ ಮಾತು ಇನ್ನೊಂದು. ಆದವಾನಿ, ಆಲೂರು, ಹೊಳಗುಂದಿ, ಕೌತಾಳಗಳ ಕನ್ನಡ ಮನೆತನಗಳಿಗೆ ಇದನ್ನು ಯಾರೂ ಹೊಸದಾಗಿ ತಿಳಿಸಬೇಕಾಗಿಲ್ಲ. ಇಂತಹ ಎರಡು ನುಡಿಗಳ ಸೀಮೆಯಿಂದಲೇ ಎದ್ದು, ದೇಶದ ಶ್ರೇಷ್ಠ ನಟರ ಸಾಲಿನಲ್ಲಿ ನಿಂತವರು ಬಳ್ಳಾರಿಯ ರಾಘವಾಚಾರ್ಯರು. ಸಂಘದ ವಾರ್ಷಿಕೋತ್ಸವದ ಈ ಶುಭಸಂದರ್ಭದಲ್ಲಿ ಅವರ ಜೀವನವನ್ನು ಸಂಕ್ಷೇಪವಾಗಿ ನಮ್ಮ ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ರಾಘವಾಚಾರ್ಯರು ನಮ್ಮವರು ಹೇಗೆ ಎಂದು ಎಳೆಯರು ಕೇಳಬಹುದು. ಇಂದು ಆದವಾನಿ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯಲ್ಲಿದೆ, ಬಳ್ಳಾರಿ ಕರ್ನಾಟಕದಲ್ಲಿದೆ. ಆದರೆ 1800ರಲ್ಲಿ ನಿಜಾಮನಿಂದ ಇಂಗ್ಲಿಷರ ಕೈಸೇರಿದ ದತ್ತ ಮಂಡಲವು 1808ರಲ್ಲಿ ಎರಡು ಜಿಲ್ಲೆಗಳಾಗಿ ಒಡೆದಂದಿನಿಂದ 1953ರ ಸೆಪ್ಟೆಂಬರ್ ಕೊನೆಯವರೆಗೆ ಆದವಾನಿಯು ಬಳ್ಳಾರಿ ಜಿಲ್ಲೆಯದೇ ತಾಲ್ಲೂಕಾಗಿತ್ತು. ಆಂಧ್ರ ರಾಜ್ಯವು ಉದಯಿಸಿದ 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು. ಉಳಿದ ತಾಲ್ಲೂಕುಗಳು ಮೈಸೂರಿಗೆ ಸಂದವು. ರಾಘವಾಚಾರ್ಯರು ತೀರಿಕೊಂಡದ್ದು ಅದಕ್ಕೆ 7 ವರ್ಷ ಮೊದಲು. ಅವರು ಬದುಕಿದ್ದಷ್ಟು ಕಾಲವೂ ನಮ್ಮ ಹಿರಿಯರಿಗೆ ಬಳ್ಳಾರಿಯೇ ಜಿಲ್ಲೆಯ ಕೇಂದ್ರವಾಗಿತ್ತು.

ರಾಘವಾಚಾರ್ಯರು 1880ರ ಆಗಸ್ಟ್ 2ರಂದು ತಾಡಪತ್ರಿಯಲ್ಲಿ ಜನಿಸಿದರು. ಅನಂತಪುರ ಜಿಲ್ಲೆಯು ಪ್ರತ್ಯೇಕಗೊಂಡದ್ದು 1882ರಲ್ಲಿ. ಆದುದರಿಂದ ಅವರು ಹುಟ್ಟಿದಾಗ ತಾಡಪತ್ರಿಯೂ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ತಂದೆ ನರಸಿಂಹಾಚಾರ್ಯರು ಪಂಡಿತರು, ತಾಯಿ ಶೇಷಮ್ಮನವರು. ಬಾಲಕನ ವಿದ್ಯಾಭ್ಯಾಸವು ಬಳ್ಳಾರಿಯಲ್ಲಿ ನಡೆಯಿತು. ಮುಂದೆ ಅವರು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ ಪದವೀಧರರಾದರು. ನ್ಯಾಯಶಾಸ್ತ್ರದ ಪದವಿಯನ್ನೂ ಪಡೆದು ಬಳ್ಳಾರಿಯಲ್ಲಿ ವಕೀಲಿವೃತ್ತಿಯನ್ನು ಕೈಗೊಂಡರು.

ಆದರೆ ಅವರ ನಿಜವಾದ ಗುರುಕುಲ ಸೋದರಮಾವನ ನಾಟಕ ಸಭೆ. ಆ ಸೋದರಮಾವನೆಂದರೆ ತೆಲುಗು ನಾಟಕದ ಪಿತಾಮಹರೆನಿಸಿದ ಧರ್ಮವರಂ ರಾಮಕೃಷ್ಣಮಾಚಾರ್ಯರು. ಅವರೂ ಬಳ್ಳಾರಿಯ ವಕೀಲರೇ. ಧಾರವಾಡದ ಕಡೆಯಿಂದಲೂ ಮಹಾರಾಷ್ಟ್ರದ ಕಡೆಯಿಂದಲೂ ನಾಟಕ ಮಂಡಳಿಗಳು ಊರೂರು ಸಂಚರಿಸುತ್ತಿದ್ದ 1880ರ ದಶಕದಲ್ಲಿ ಅವರು ಬಳ್ಳಾರಿಯಲ್ಲಿ ಸರಸವಿನೋದಿನೀ ಸಭೆಯನ್ನು ಕಟ್ಟಿದರು. ಚಿತ್ರನಳೀಯ, ವಿಷಾದ ಸಾರಂಗಧರ ಮೊದಲಾದ ನಾಟಕಗಳನ್ನು ಆ ಸಭೆಗಾಗಿ ತಾವೇ ಬರೆದರು. ನಾಟಕವೆಂದರೆ ಮಂಗಳದಲ್ಲಿಯೇ ಮುಗಿಯಬೇಕೆಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ ದುಃಖಾಂತವನ್ನು ರಂಗಕ್ಕೆ ತಂದ ಧೈರ್ಯ ಅವರದು.

ಅದೇ ಊರಿನಲ್ಲಿ ಇನ್ನೊಂದು ಸಭೆಯೂ ತಲೆಯೆತ್ತಿತು. ಹಂಪೆಯ ಬಳಿಯ ಕಮಲಾಪುರದಲ್ಲಿ ಜನಿಸಿದ ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮಾ ಸಭೆಯನ್ನು ನಡೆಯಿಸಿದರು. ಅವರೂ ವಕೀಲರೇ. ಧರ್ಮವರದವರು ಪುರಾಣಕಥೆಗಳತ್ತ ಒಲಿದರೆ ಕೋಲಾಚಲದವರು ಇತಿಹಾಸದತ್ತ ಒಲಿದರು. ಒಂದು ಜಿಲ್ಲಾ ಪಟ್ಟಣದಲ್ಲಿ ಇಬ್ಬರು ವಕೀಲರು ಎರಡು ಸಭೆಗಳನ್ನು ಕಟ್ಟಿ ಪರಸ್ಪರ ಪೈಪೋಟಿಯಿಂದ ನಾಟಕಗಳನ್ನು ಬರೆದು ಆಡಿಸಿದರು. ಸಣ್ಣ ಊರಿನ ಸಣ್ಣ ಸಭೆಯೂ ದೊಡ್ಡ ಕಾರ್ಯವನ್ನು ಸಾಧಿಸಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ರಾಘವಾಚಾರ್ಯರು ಈ ಎರಡು ಪರಂಪರೆಗಳನ್ನೂ ತಮ್ಮದಾಗಿ ಮಾಡಿಕೊಂಡರು. ಸೋದರಮಾವನ ನಾಟಕಗಳಲ್ಲಿ ಪಳಗಿದ ಅವರು ಕೋಲಾಚಲದವರ ರಾಮರಾಜು ನಾಟಕದಲ್ಲಿ ಪಠಾಣ ರುಸ್ತುಮನ ಪಾತ್ರವನ್ನು ವಹಿಸಿ ಹೆಸರಾದರು. ವಿಜಯನಗರದ ಪತನವೇ ಅದರ ವಸ್ತು. ಆ ಪತನದ ಬಳಿಕವೇ ನಮ್ಮ ಆದವಾನಿಯ ಕೋಟೆಯೂ ವಿಜಾಪುರದ ಸುಲ್ತಾನರ ವಶವಾದುದು. ಆ ನಾಟಕವು ಎಷ್ಟು ಪ್ರಬಲವಾಗಿ ಜನರ ಮನಸ್ಸನ್ನು ಕಲಕಿತೆಂದರೆ ಕಡೆಗೆ ಸರ್ಕಾರವು ಅದರ ಪ್ರದರ್ಶನವನ್ನು ನಿಷೇಧಿಸಿತು. ಇದಲ್ಲದೆ ಬಳ್ಳಾರಿಯಲ್ಲಿ ಷೇಕ್ಸ್‌ಪಿಯರ್ ಕ್ಲಬ್ಬೊಂದನ್ನು ಸ್ಥಾಪಿಸಿ, ಆ ಮಹಾಕವಿಯ ನಾಟಕಗಳನ್ನು ಇಂಗ್ಲಿಷಿನಲ್ಲಿಯೇ ಆಡಿದ ಕೀರ್ತಿಯೂ ಅವರದು. ಷೈಲಾಕ್, ಒಥೆಲೊ ಪಾತ್ರಗಳಲ್ಲಿ ಅವರು ಖ್ಯಾತರಾದರು. 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹವ್ಯಾಸಿ ನಟರ ಸಂಸ್ಥೆಯಾದ ಎ. ಡಿ. ಎ.ಯೊಡನೆಯೂ ಅವರಿಗೆ ನಿಕಟ ಸಂಬಂಧವಿತ್ತು. ಹೀಗೆ ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ಎಂಬ ನಾಲ್ಕು ನುಡಿಗಳಲ್ಲಿಯೂ ಅವರ ಅಭಿನಯವು ಹರಿಯಿತು.

ಅವರ ಅಭಿನಯದ ವೈಶಿಷ್ಟ್ಯವೇನು? ಅದನ್ನು ಅರಿಯಬೇಕಾದರೆ ಆ ಕಾಲದ ರಂಗಭೂಮಿಯನ್ನು ನೆನೆಯಬೇಕು. ಆಗ ನಟನೆಂದರೆ ಮೊದಲು ಗಾಯಕನಾಗಿರಬೇಕಿತ್ತು. ಪದ್ಯವೊಂದನ್ನು ಹಿಡಿದು ಹಾರ್ಮೋನಿಯಂ ಜೊತೆಯಲ್ಲಿ ರಾಗವನ್ನು ಎಳೆಯುತ್ತಾ ಹೋದರೆ ಕಥೆ ಅಲ್ಲಿಯೇ ನಿಂತು ಕಾಯಬೇಕು. ಸಭಿಕರು ವನ್ಸ್ ಮೋರ್ ಎಂದು ಕೂಗಿದರೆ ಸತ್ತು ಬಿದ್ದ ಪಾತ್ರಧಾರಿಯೂ ಎದ್ದು ಮತ್ತೊಮ್ಮೆ ಹಾಡಿ ಪುನಃ ಸಾಯಬೇಕು! ರಾಘವಾಚಾರ್ಯರು ಈ ಪದ್ಧತಿಯನ್ನು ಒಪ್ಪಲಿಲ್ಲ. ಪಾತ್ರದ ಅಂತರಂಗವು ಮಾತಿನ ಏರಿಳಿತದಲ್ಲಿ, ಕಣ್ಣಿನ ನೋಟದಲ್ಲಿ, ಮೌನದಲ್ಲಿ ಪ್ರಕಟವಾಗಬೇಕೆಂಬುದು ಅವರ ನಿಲುವು. ಹರಿಶ್ಚಂದ್ರ, ದುರ್ಯೋಧನ, ಹಿರಣ್ಯಕಶಿಪು ಮೊದಲಾದ ಪಾತ್ರಗಳನ್ನು ಅವರು ಬರಿಯ ಅಬ್ಬರಕ್ಕೆ ಬಿಟ್ಟುಕೊಡದೆ, ಮನುಷ್ಯರ ಸುಖದುಃಖಗಳಿಂದ ತುಂಬಿದರು. ಬಯಲಾಟದ ಚೌಕಿಯಲ್ಲಿ ಕುಣಿದಬ್ಬರಿಸುವ ದುರ್ಯೋಧನನನ್ನು ಕಂಡು ಬೆಳೆದ ನಮ್ಮ ಸೀಮೆಯ ಜನರಿಗೆ ಇದು ಎಷ್ಟು ಹೊಸದಾಗಿದ್ದಿರಬೇಕೆಂದು ವಾಚಕರು ಊಹಿಸಬಹುದು.

ಇನ್ನೊಂದು ವಿಷಯದಲ್ಲಿ ಅವರು ಕಾಲಕ್ಕಿಂತ ಮುಂದೆ ನಡೆದರು. ಗಂಡಸರು ಮೀಸೆ ಬೋಳಿಸಿ ಸೀರೆಯುಟ್ಟು ಚಂದ್ರಮತಿಯಾಗುವುದು ಅಂದಿನ ವಾಡಿಕೆ. ಸ್ತ್ರೀಪಾತ್ರವನ್ನು ಸ್ತ್ರೀಯರೇ ವಹಿಸಬೇಕು, ಅದೂ ವಿದ್ಯಾವಂತ ಮನೆತನಗಳ ಸ್ತ್ರೀಯರು ಮುಂದೆ ಬರಬೇಕು ಎಂದು ರಾಘವಾಚಾರ್ಯರು ಸಾಧಿಸಿದರು. ಕೊಮ್ಮೂರಿ ಪದ್ಮಾವತೀದೇವಿಯವರಂತಹ ಕಲಾವಿದೆಯರು ಅವರ ಜೊತೆಯಲ್ಲಿ ರಂಗವನ್ನೇರಿದರು. ಗುಬ್ಬಿ ಕಂಪನಿಯಂತಹ ವೃತ್ತಿಮಂಡಳಿಗಳಲ್ಲಿ ನಟಿಯರು ಕಾಣಿಸಿಕೊಂಡಿದ್ದರೂ ಮನೆವಾರ್ತೆಯ ಹೆಣ್ಣುಮಕ್ಕಳು ಹವ್ಯಾಸಕ್ಕಾಗಿ ಬಣ್ಣ ಹಚ್ಚುವುದನ್ನು ಸಮಾಜವು ಸಹಿಸುತ್ತಿರಲಿಲ್ಲ. ಆ ಅಪವಾದವನ್ನು ಪ್ರತಿಷ್ಠಿತ ವಕೀಲರೊಬ್ಬರು ತಲೆಯ ಮೇಲೆ ಹೊತ್ತದ್ದು ಸಣ್ಣ ಸಂಗತಿಯಲ್ಲ. ಪಿ. ವಿ. ರಾಜಮನ್ನಾರರ ತಪ್ಪೆವರಿದಿ ಎಂಬ ಸಾಮಾಜಿಕ ನಾಟಕವನ್ನು ಅವರು ಆಡಿದರು. ಪುರಾಣದ ಕಿರೀಟವನ್ನು ಕಳಚಿ, ಸಮಕಾಲೀನ ಸಂಸಾರದ ಕಷ್ಟವನ್ನು ರಂಗದ ಮೇಲೆ ತೋರಬೇಕೆಂಬ ಹಂಬಲ ಅವರಲ್ಲಿ ಬೆಳೆಯುತ್ತಲೇ ಹೋಯಿತು.

ಗಾಂಧೀಜಿಯವರು 1927ರಲ್ಲಿ ಆರೋಗ್ಯಕ್ಕಾಗಿ ನಂದಿ ಬೆಟ್ಟ ಮತ್ತು ಬೆಂಗಳೂರುಗಳಲ್ಲಿ ತಂಗಿದ್ದಾಗ ರಾಘವಾಚಾರ್ಯರ ಹಿಂದಿ ನಾಟಕ ದೀನಬಂಧು ಕಬೀರವನ್ನು ನೋಡಿ ಬಹುವಾಗಿ ಮೆಚ್ಚಿದರು. ಮಾರನೆಯ ವರ್ಷ ರಾಘವಾಚಾರ್ಯರು ಇಂಗ್ಲೆಂಡಿಗೆ ಪ್ರಯಾಣ ಬೆಳೆಸಿ, ಅಲ್ಲಿಯ ರಂಗಭೂಮಿಯನ್ನು ಕಣ್ಣಾರೆ ಕಂಡು, ಭಾರತೀಯ ನಾಟಕವನ್ನು ಕುರಿತು ಉಪನ್ಯಾಸ ಮಾಡಿದರು. ನಾಟಕಕಾರ ಬರ್ನಾರ್ಡ್ ಷಾ ಅವರನ್ನು ಭೇಟಿಯಾದರು. ವೃತ್ತಿಯಲ್ಲಿಯೂ ಅವರಿಗೆ ಗೌರವ ಕಡಿಮೆಯಿರಲಿಲ್ಲ. ಸರ್ಕಾರಿ ವಕೀಲರಾಗಿ ಕಾರ್ಯಮಾಡಿದರು. ರಾವ್ ಬಹದ್ದೂರ್ ಬಿರುದೂ ಲಭಿಸಿತು. ಹಗಲು ನ್ಯಾಯಾಲಯದ ಕರಿಯಂಗಿ, ರಾತ್ರಿ ರಂಗದ ಬಣ್ಣ. ಎರಡಕ್ಕೂ ಅವರು ನ್ಯಾಯ ಸಲ್ಲಿಸಿದರು.

ಚಲನಚಿತ್ರದ ಯುಗ ಬಂದಾಗ 1936ರಲ್ಲಿ ದ್ರೌಪದೀ ಮಾನಸಂರಕ್ಷಣಂ, 1939ರಲ್ಲಿ ರೈತುಬಿಡ್ಡ, 1940ರಲ್ಲಿ ಚಂಡಿಕಾ ಎಂಬ ತೆಲುಗು ಚಿತ್ರಗಳಲ್ಲಿ ಅಭಿನಯಿಸಿದರು. ಗೂಡವಲ್ಲಿ ರಾಮಬ್ರಹ್ಮಂ ಅವರ ರೈತುಬಿಡ್ಡವು ಒಕ್ಕಲುಮಗನ ಸಂಕಟವನ್ನು ಚಿತ್ರಿಸಿ, ಜಮೀನ್ದಾರರ ಕೋಪಕ್ಕೂ ನಿಷೇಧಕ್ಕೂ ಗುರಿಯಾಯಿತು. ಆದರೂ ಅವರ ಜೀವ ರಂಗಭೂಮಿಯಲ್ಲಿಯೇ ಇತ್ತು. 1946ರ ಏಪ್ರಿಲ್ 16ರಂದು ಆ ಮಹಾನಟರು ಅಸ್ತಂಗತರಾದರು. ಬಳ್ಳಾರಿಯ ರಾಘವ ಕಲಾಮಂದಿರವು ಅವರ ಹೆಸರನ್ನು ಉಳಿಸಿದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಬಳ್ಳಾರಿಯ ಆ ಎರಡು ಸಭೆಗಳ ಖ್ಯಾತಿಯೂ, ರಾಘವಾಚಾರ್ಯರ ಕೀರ್ತಿಯ ಬಹುಪಾಲೂ ತೆಲುಗು ನಾಟಕಗಳಿಂದ ಬಂದದ್ದು. ಅದೇ ಕಾರಣದಿಂದ ಕನ್ನಡಿಗರಾದ ನಾವು ಅವರನ್ನು ಮರೆತದ್ದೂ ಉಂಟು. ತೆಲುಗರ ಪಾಲಿಗೆ ಬಿಟ್ಟುಬಿಟ್ಟದ್ದೂ ಉಂಟು. ಎರಡೂ ಸರಿಯಲ್ಲ. ಅವರನ್ನು ತೆಲುಗಿನಿಂದ ಕಿತ್ತು ತರಬೇಕೆಂದು ನಮ್ಮ ಅಭಿಪ್ರಾಯವಲ್ಲ. ಅದು ಸಾಧ್ಯವೂ ಅಲ್ಲ, ಶೋಭೆಯೂ ಅಲ್ಲ. ನೆರೆಯ ನುಡಿಯನ್ನು ದ್ವೇಷಿಸದೆಯೂ ತನ್ನ ನುಡಿಯನ್ನು ಬಿಡದೆಯೂ ಬಾಳಬಹುದೆಂಬುದಕ್ಕೆ ಅವರ ಜೀವನವೇ ಸಾಕ್ಷಿ. ಸೀಮಾರೇಖೆಯು ನೆಲವನ್ನು ಹಂಚಿತು. ಆ ನೆಲದ ಮೇಲೆ ಬಾಳಿದವರನ್ನು ಹಂಚುವ ಶಕ್ತಿ ಅದಕ್ಕಿಲ್ಲ.

ಆದರೆ ಅವರ ಜೀವನದಲ್ಲಿ ನಮಗೊಂದು ಎಚ್ಚರಿಕೆಯೂ ಇದೆ. ಧರ್ಮವರದವರೂ ಕೋಲಾಚಲದವರೂ ಸಭೆ ಕಟ್ಟಿ, ನಾಟಕ ಬರೆದು, ನಟರನ್ನು ತಿದ್ದಿದ್ದರಿಂದಲೇ ರಾಘವಾಚಾರ್ಯರಂತಹ ನಟರು ಹೊರಬಂದರು. ಯಾವ ನುಡಿಯಲ್ಲಿ ಜನರು ದುಡಿಯುತ್ತಾರೋ ಆ ನುಡಿಯೇ ಬೆಳೆಯುತ್ತದೆ. ನಮ್ಮ ಕನ್ನಡ ಶಾಲೆಗಳ ಮಕ್ಕಳು ವರ್ಷಕ್ಕೊಂದು ಕನ್ನಡ ನಾಟಕವನ್ನಾದರೂ ಕಲಿತು ಆಡಲಿ. ಹಿರಿಯರು ಕೆಲಸದ ನಡುವೆ ಸಂಜೆಯ ಎರಡು ಗಳಿಗೆಗಳನ್ನು ಅದಕ್ಕೆ ಮೀಸಲಿಡಲಿ. ಹೆಣ್ಣುಮಕ್ಕಳನ್ನು ವೇದಿಕೆಗೆ ಕರೆಯಲಿ. ತೆಲುಗು ನೆರೆಹೊರೆಯವರನ್ನೂ ಪ್ರೇಕ್ಷಕರಾಗಿ ಆಹ್ವಾನಿಸೋಣ. ಗಡಿನಾಡಿನ ಆ ಮಹಾನಟರಿಗೆ ನಮ್ಮ ಸಂಘವು ಸಲ್ಲಿಸಬಹುದಾದ ಕಾಣಿಕೆ ಇದೇ ಎಂದು ನಾವು ನಂಬಿದ್ದೇವೆ.