ಶಿಷ್ಯನ ಪಕ್ಕದಲ್ಲಿ ಕುಳಿತ ಗುರು

ಗುರುವಾದವನು ಎತ್ತರದ ಆಸನದಲ್ಲಿ ಕುಳಿತಿರಬೇಕು, ಶಿಷ್ಯನು ಕೆಳಗೆ ಕೈಜೋಡಿಸಿ ನಿಂತಿರಬೇಕು ಎಂಬುದು ಲೋಕರೂಢಿ. ತುಂಬಿದ ಸಭೆಯಲ್ಲಿ ಶಿಷ್ಯನನ್ನು ನಡುವೆ ಕೂಡಿಸಿ, ತಾವು ತಬಲಾ ಮುಂದಿಟ್ಟುಕೊಂಡು ಅವನ ಪಕ್ಕದಲ್ಲಿ ಕುಳಿತು ಈ ರೂಢಿಯನ್ನೇ ತಿರುವಿ ಹಾಕಿದ ಪುಣ್ಯಪುರುಷರು ನಮ್ಮ ನಾಡಿನಲ್ಲಿ ಆಗಿಹೋಗಿದ್ದಾರೆ. ಅವರೇ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಸ್ಥಾಪಕರಾದ ಗಾನಯೋಗಿ ಪಂಚಾಕ್ಷರ ಗವಾಯಿಗಳು.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ, ಗುರುಪಾದಯ್ಯ ಮತ್ತು ನೀಲಮ್ಮ ದಂಪತಿಗಳ ಉದರದಲ್ಲಿ ಅವರ ಜನನವಾಯಿತು. ತಂದೆತಾಯಿಗಳು ಇಟ್ಟ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣಿಲ್ಲ. ಒಡಹುಟ್ಟಿದ ಗುರುಬಸಯ್ಯನಿಗೂ ಕಣ್ಣಿಲ್ಲ. ಬಡ ಜಂಗಮರ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು ಎಂದರೆ ಆ ಕಾಲದಲ್ಲಿ ಅವರ ಮುಂದಿನ ಹಾದಿ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋಳಿಗೆ ಹಿಡಿದು ಮನೆ ಮನೆಯ ಮುಂದೆ ಹಾಡುವುದೊಂದೇ ದಾರಿ. ಆದರೆ ಆ ಹಾಡು ಹಾನಗಲ್ಲ ವಿರಕ್ತಮಠದ ಕುಮಾರ ಮಹಾಸ್ವಾಮಿಗಳ ಕಿವಿಗೆ ಬಿತ್ತು. ಪೂಜ್ಯರು ಮಕ್ಕಳಿಬ್ಬರನ್ನೂ ತಮ್ಮ ಮಡಿಲಿಗೆ ಹಾಕಿಕೊಂಡರು. ಕನಿಕರಪಟ್ಟು ಎರಡು ಹೊತ್ತು ಪ್ರಸಾದ ನೀಡಿ ಸುಮ್ಮನಾಗಲಿಲ್ಲ, ವಿದ್ಯೆ ಕೊಡಿಸಿದರು. ಅನ್ನ ಕೊಟ್ಟವರು ಬಹಳ ಜನ ಇದ್ದಾರು, ಕುರುಡು ಹುಡುಗನಿಗೆ ಶಾಸ್ತ್ರೀಯ ಸಂಗೀತ ಕಲಿಸಿ ಪಂಡಿತನನ್ನಾಗಿ ಮಾಡಬೇಕೆಂದು ಆ ದಿನಗಳಲ್ಲಿ ಯೋಚಿಸಿದವರು ಬಹು ವಿರಳ.

ಗದಿಗೆಯ್ಯನು ಪಂಚಾಕ್ಷರಿಯಾದನು. ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಅಭ್ಯಾಸ ನಡೆಯಿತು. ಬಳಿಕ ಮಿರಜಿನ ನೀಲಕಂಠ ಬುವಾ ಅವರಲ್ಲಿ ಹಿಂದೂಸ್ತಾನಿ ಗಾಯನ. ಮುಂದೆ ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ವಹೀದ ಖಾನರಿಂದಲೂ ಪಾಠವಾಯಿತು. ಲಿಂಗಾಂಗಿಯಾದ ಶಿಷ್ಯನು ಉಸ್ತಾದರ ಮುಂದೆ ಕುಳಿತು ಕಲಿತದ್ದನ್ನು ಇಂದಿನವರು ನೆನೆಯಬೇಕು. ಹೀಗೆ ಎರಡೂ ಪದ್ಧತಿಗಳು ಒಂದೇ ಕಂಠದಲ್ಲಿ ನೆಲೆ ನಿಂತವು. ಕಂಠವಷ್ಟೇ ಅಲ್ಲ, ತಬಲಾದ ಮೇಲೂ ಅವರ ಕೈ ಪಳಗಿತು.

ಮಲಪ್ರಭೆಯ ದಂಡೆಯ ಮೇಲೆ ಕುಮಾರ ಮಹಾಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರದ ಆಶ್ರಯದಲ್ಲಿ ಗವಾಯಿಗಳು ತಾವೂ ಪಾಠ ಹೇಳತೊಡಗಿದರು. ಅಂಧರು, ಅನಾಥರು, ಬಡವರ ಮಕ್ಕಳು ಎಲ್ಲರೂ ಬಂದು ಸೇರಿದರು. ಗುರುವಿನ ಅಪ್ಪಣೆಯಂತೆ ಆ ಪಾಠಶಾಲೆ ಊರಿಂದೂರಿಗೆ ಸಂಚರಿಸುವ ಶಾಲೆಯಾಯಿತು. ಬಂಡಿಯಲ್ಲಿ ತಂಬೂರಿ, ಪೇಟಿ, ತಬಲಾ. ಹಿಂದೆ ಮುಂದೆ ಮಕ್ಕಳು. ಒಂದೂರಿನ ಮಠದಲ್ಲಿ ಕೆಲವು ದಿನ, ಭಕ್ತರು ಕೊಟ್ಟಷ್ಟು ಕಾಳುಕಡಿ ಮುಗಿದ ಮೇಲೆ ಮತ್ತೊಂದೂರು. ಮಕ್ಕಳ ಹೊಟ್ಟೆ ತುಂಬಿಸುವುದಕ್ಕಾಗಿಯೇ ನಾಟಕ ಸಂಘವನ್ನೂ ಕಟ್ಟಿ ನಡೆಸಿದರು.

ಈ ಅಲೆದಾಟದಲ್ಲಿ ಕಷ್ಟವೆಷ್ಟಿತ್ತೋ ಅಷ್ಟೇ ಲಾಭವೂ ಇತ್ತು ಎಂದು ನನಗೆ ತೋರುತ್ತದೆ. ಹೊಸದಾಗಿ ಕಲಿಯುವವನಿಗೆ ಸಂಗೀತಕ್ಕಿಂತ ಸಭೆಯ ಅಂಜಿಕೆ ದೊಡ್ಡದು. ಒಬ್ಬನೇ ಕೋಣೆಯಲ್ಲಿ ಕುಳಿತು ಹಾಡುವಾಗ ನೆಟ್ಟಗಿದ್ದ ಸ್ವರ, ನಾಲ್ಕು ಜನ ಸಾಥಿದಾರರು ಸುತ್ತ ಕುಳಿತರೆಂದರೆ ನಡುಗುತ್ತದೆ. ಕಣ್ಣಿಲ್ಲದ ಹುಡುಗನ ಪಾಡಂತೂ ಇನ್ನೂ ಕಠಿಣ. ಪೇಟಿಯವನು ತಲೆಯಾಡಿಸಿದ್ದು ಅವನಿಗೆ ಕಾಣದು, ತಬಲಾದವನ ಸನ್ನೆ ಕಾಣದು, ಎದುರಿಗಿದ್ದವರು ಮೆಚ್ಚಿದರೋ ಎದ್ದುಹೋದರೋ ತಿಳಿಯದು. ಎಲ್ಲವನ್ನೂ ಕಿವಿಯಿಂದಲೇ ನೋಡಬೇಕು. ಅಂಥ ಮಕ್ಕಳನ್ನು ಗುಂಪಿನಲ್ಲಿ ಬೆರೆಸಿ ಬೆಳೆಸಿದ್ದು ಈ ಸಂಚಾರಿ ಶಾಲೆ. ಅಲ್ಲಿ ಹಾಡುವುದು, ನುಡಿಸುವುದು, ಉಣ್ಣುವುದು, ಮಲಗುವುದು ಎಲ್ಲವೂ ಕೂಡಿಯೇ. ಸಾಮೂಹಿಕ ಪ್ರಾರ್ಥನೆಯಲ್ಲಿ ಹತ್ತು ದನಿಗಳ ನಡುವೆ ಹನ್ನೊಂದನೆಯದಾಗಿ ಸೇರಿಕೊಂಡ ಅಳುಕಿನ ದನಿಯನ್ನು ಯಾರೂ ಬೊಟ್ಟುಮಾಡಿ ತೋರಿಸುವುದಿಲ್ಲ. ಅದು ತಾನೇ ತಾನಾಗಿ ಗಟ್ಟಿಯಾಗುತ್ತದೆ.

ಹಾನಗಲ್ಲ ಸೀಮೆಯ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಪುಟ್ಟಯ್ಯ ಎಂಬ ಬಾಲಕನನ್ನು ಸೋದರಮಾವ ತಂದು ಒಪ್ಪಿಸಿದ್ದು ಈ ಗುರುವಿಗೇ. ಹಲವು ವಾದ್ಯಗಳನ್ನು ಕೈವಶ ಮಾಡಿಕೊಂಡು ಪಂಡಿತ ಪುಟ್ಟರಾಜ ಗವಾಯಿಗಳೆಂದು ನಾಡೆಲ್ಲ ಪೂಜಿಸಿದ್ದು ಆ ಬಾಲಕನನ್ನೇ.

ಈಗ ಮೊದಲು ಹೇಳಿದ ಸಭೆಯ ಮಾತಿಗೆ ಬರೋಣ. ಕುಂದಗೋಳ ಬಳಿಯ ಯಲಿವಾಳದ ಬಸವರಾಜ ರಾಜಗುರು, ತಂದೆಯನ್ನು ಎಳವೆಯಲ್ಲೇ ಕಳೆದುಕೊಂಡು ಗವಾಯಿಗಳ ಆಸರೆಗೆ ಬಂದ ತರುಣ. ವಿಜಯನಗರ ಸಾಮ್ರಾಜ್ಯ ಸ್ಥಾಪನೆಯಾಗಿ ಆರು ನೂರು ವರ್ಷ ತುಂಬಿದ ನೆನಪಿಗೆ 1936ರಲ್ಲಿ ಹಂಪಿಯಲ್ಲಿ ಉತ್ಸವ ನಡೆಯಿತು. ಇನ್ನೂ ಇಪ್ಪತ್ತು ತುಂಬದ ರಾಜಗುರುವಿನ ಮೊದಲ ಕಚೇರಿ ಅಲ್ಲಿಯೇ. ಅಂಥ ವೇದಿಕೆಯಲ್ಲಿ ಗವಾಯಿಗಳು ತಾವೇ ಹಾಡಬಹುದಿತ್ತು. ಹಾಡಲಿಲ್ಲ. ಶಿಷ್ಯನನ್ನು ಹಾಡಲು ಕೂಡಿಸಿ, ತಾವು ತಬಲಾ ಸಾಥ್ ನೀಡಿದರು.

ತಬಲಾ ಸಾಥ್ ಎಂದರೇನೆಂದು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ. ಹೊಸ ಹಾಡುಗಾರ ಮೊದಲು ತಪ್ಪುವುದು ತಾಳದಲ್ಲಿ. ಹದಿನಾರು ಮಾತ್ರೆಯ ತೀನತಾಲವಾಗಲಿ, ಹನ್ನೆರಡು ಮಾತ್ರೆಯ ಏಕತಾಲವಾಗಲಿ, ಆಲಾಪ ತಾನುಗಳಲ್ಲಿ ಎಲ್ಲಿಯೋ ಹೋದವನು ಸಮಕ್ಕೆ ಸರಿಯಾಗಿ ಮರಳಬೇಕು. ಎದೆ ಢವಗುಟ್ಟುತ್ತಿದ್ದರೆ ಲಯ ಓಡುತ್ತದೆ. ತನ್ನ ಕೈಚಳಕ ತೋರಿಸಲು ಹಾತೊರೆಯುವ ತಬಲಾದವನು ಪಕ್ಕಕ್ಕಿದ್ದರಂತೂ ಹುಡುಗ ಮುಳುಗಿದಂತೆಯೇ! ಸಾಥಿದಾರನು ಠೇಕಾವನ್ನು ನಿಚ್ಚಳವಾಗಿ, ಒಂದೇ ನಡೆಯಲ್ಲಿ ಹಿಡಿದು ನಿಂತರೆ, ಹಾಡುವವನಿಗೆ ಕಾಲ ಕೆಳಗೆ ಕಲ್ಲು ಹಾಸಿದಷ್ಟು ಧೈರ್ಯ. ಶಿಷ್ಯನ ಒಂದೊಂದು ಉಸಿರಿನ ಅಳತೆಯನ್ನೂ ಬಲ್ಲ ಗುರುವೇ ಆ ಠೇಕಾ ಹಿಡಿದು ಕುಳಿತಿದ್ದರು. ದಾಸೋಹವೆಂದರೆ ಪಂಕ್ತಿಯಲ್ಲಿ ಅನ್ನ ನೀಡುವುದಷ್ಟೇ ಎಂದು ತಿಳಿದಿರುವ ನಮಗೆ, ತನ್ನ ಹಿರಿಮೆಯನ್ನೇ ಕಿರಿಯನ ಮುಂದೆ ಸವೆಸುವ ಈ ದಾಸೋಹ ಬೇಗನೆ ಕಣ್ಣಿಗೆ ಬೀಳುವುದಿಲ್ಲ.

ಆ ಕಚೇರಿಯಿಂದ ರಾಜಗುರುವಿನ ಹೆಸರು ಹರಡಿತು. ಸವಾಯಿ ಗಂಧರ್ವರೇ ಮೊದಲಾದವರಲ್ಲಿಯೂ ಅವರು ಮುಂದೆ ಕಲಿತರು. ಪದ್ಮಭೂಷಣರಾದ 1991ರಲ್ಲಿಯೇ ಲಿಂಗೈಕ್ಯರಾದರು. ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಇವರೂ ಗವಾಯಿಗಳ ಗರಡಿಯವರೇ.

ಕುಮಾರ ಮಹಾಸ್ವಾಮಿಗಳು 1930ರಲ್ಲಿ ಲಿಂಗೈಕ್ಯರಾದ ಮೇಲೂ ಗವಾಯಿಗಳು ಹಿಡಿದ ವ್ರತ ಬಿಡಲಿಲ್ಲ. ವರ್ಷಗಟ್ಟಲೆ ಅಲೆದ ಆ ಪಾಠಶಾಲೆಗೆ 1942ರಲ್ಲಿ ಗದುಗಿನಲ್ಲಿ ಬಸರಿಗಿಡದ ವೀರಪ್ಪನವರ ನೆರವಿನಿಂದ ಸ್ವಂತ ನೆಲೆ ದೊರೆಯಿತು. ಅದೇ ವೀರೇಶ್ವರ ಪುಣ್ಯಾಶ್ರಮ. ಆ ನೆಲೆಯಲ್ಲಿ ಅವರು ಇದ್ದದ್ದು ಎರಡೇ ವರ್ಷ. 1944ರಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದರು. ಆಶ್ರಮದ ಭಾರ ಮೂವತ್ತರ ಪುಟ್ಟರಾಜರ ಹೆಗಲಿಗೆ ಬಂತು. ಅವರು ಅದನ್ನು 2010ರವರೆಗೆ, ಅರವತ್ತಾರು ವರ್ಷ ಹೊತ್ತು ನಡೆಸಿದರು.